ಕೊನೇ ಸಾಲಿಗೆ ಕೇಳ್ತೈತಾ?

ಅವರ ಎಡಗೈಯ ತೋರುಬೆರಳಿಗೆ ಸದಾ ಕಪ್ಪು ಇನ್ಸುಲೇಷನ್ ಟೇಪು ಸುತ್ತಿರುತ್ತಿತ್ತು. ಗಾಯಕ್ಕಲ್ಲ. ವೈರು ಎಲ್ಲಿ ಕಿತ್ತರೂ ಟೇಪು ಹುಡುಕಿಕೊಂಡು ಅಲೆಯುವುದು ಬೇಡವೆಂದು ಬೆಳಿಗ್ಗೆಯೇ ಹತ್ತಾರು ಸುತ್ತು ಬೆರಳಿಗೆ ಸುತ್ತಿಕೊಂಡು ಹೊರಡುತ್ತಿದ್ದರು. ಬೇಕಾದಾಗ ಹಲ್ಲಿನಲ್ಲಿ ಕಚ್ಚಿ ಒಂದು ತುಂಡು ಹರಿದು ಅಂಟಿಸುತ್ತಿದ್ದರು. ಸಂಜೆಯ ಹೊತ್ತಿಗೆ ಬೆರಳು ಸಣ್ಣಗಾಗಿದ್ದರೆ ಆವತ್ತು ಮೈಕು ಬಹಳ ಕಾಟ ಕೊಟ್ಟಿದೆ ಎಂದು ತಿಳಿದುಕೊಳ್ಳಬೇಕು.

ನಾವೆಲ್ಲ ಅವರನ್ನು ಮೈಕ್ ಮಾವ ಅನ್ನುತ್ತಿದ್ದೆವು. ಸಕಲೇಶಪುರದಲ್ಲಿ ಸೇತುವೆಯ ಹತ್ತಿರ ಅವರದೊಂದು ಒಂಟಿ ಬಾಗಿಲಿನ ಅಂಗಡಿ ಇತ್ತು. ಆಲೂರಿನಿಂದ ಬಿಸಿಲೆಯವರೆಗೆ ಮದುವೆ, ನಾಮಕರಣ, ಗಣಪತಿ, ಶಾಲೆಯ ಸಮಾರಂಭ, ರಾಜಕೀಯದವರ ಸಭೆ ಯಾವುದೇ ಇರಲಿ, ಅವರ ಹಾರ್ನ್ ಸ್ಪೀಕರು ಮರ ಹತ್ತದ ಊರು ಕಡಿಮೆ. ಹೊಂಗಡಹಳ್ಳದ ಕಡೆಗೆ ಹೋಗುವ ರಸ್ತೆಯಲ್ಲಿರುವ ನಮ್ಮೂರಿಗಂತೂ ಅವರೇ ಬರಬೇಕಿತ್ತು. ಬಂದವರು ಮೊದಲು ಆಂಪ್ಲಿಫೈಯರಿನ ನೆತ್ತಿಗೆ ಮೂರು ಬೆರಳಿನ ವಿಭೂತಿ ಎಳೆದು, ಕೈಮುಗಿದು, ಆಮೇಲೆ ಸ್ವಿಚ್ಚು ಹಾಕುತ್ತಿದ್ದರು. ಎಲ್ಲರ ಹಾಗೆ ಹಲೋ ಹಲೋ ಎಂದು ಕಿರುಚುವವರಲ್ಲ. ಮೈಕಿನಿಂದ ನಾಲ್ಕು ಬೆರಳು ದೂರ ಬಾಯಿಟ್ಟು, ಹೊಸದಾಗಿ ಮದುವೆಯಾದವರಷ್ಟು ಸಂಕೋಚದಿಂದ ಒಂದೇ ಮಾತು ಕೇಳುತ್ತಿದ್ದರು: "ಕೊನೇ ಸಾಲಿಗೆ ಕೇಳ್ತೈತಾ?" ಹಿಂದಿನಿಂದ ಒಂದು ಕೈ ಮೇಲೆದ್ದರೆ ಅವರ ಭಾಷಣ ಮುಗಿಯಿತು.

ಒಮ್ಮೆ ಗಣಪತಿ ಸಮಿತಿಯವರು ಅವರಿಗೆ ಶಾಲು ಹೊದಿಸಿ ಹಾರ ಹಾಕಿದರು. ಎರಡು ಮಾತಾಡಿ ಎಂದು ಅವರದೇ ಮೈಕನ್ನು ಅವರ ಕೈಗೆ ಕೊಟ್ಟರು. ಮಾವ ಮೈಕನ್ನು ಮೊದಲ ಸಲ ಕಂಡವರಂತೆ ನೋಡಿ, ಬೆವರು ಒರೆಸಿಕೊಂಡು, "ಕೊನೇ ಸಾಲಿಗೆ ಕೇಳ್ತೈತಾ?" ಎಂದರು. ಹಿಂದಿನವರು ಕೈ ಎತ್ತಿದರು. ಮಾವ ಹಾರ ಕಳಚಿ ಸ್ಟ್ಯಾಂಡಿಗೆ ತಗುಲಿಹಾಕಿ ಮತ್ತೆ ತಮ್ಮ ಸ್ಟೂಲಿನ ಮೇಲೆ ಹೋಗಿ ಕೂತರು. ಊರಿನವರು ಇದನ್ನು ಇವತ್ತಿಗೂ ಹೇಳಿಕೊಂಡು ನಗುತ್ತಾರೆ. ನನಗೆ ಮಾತ್ರ ಆವತ್ತು ನಗು ಬರಲಿಲ್ಲ, ಆ ಬೆವರು ಯಾವುದೆಂದು ನನಗೆ ಗೊತ್ತಿತ್ತು.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಆಗಸ್ಟ್ ಹದಿನೈದಕ್ಕೆ ನನ್ನ ಭಾಷಣವೆಂದು ಮೇಷ್ಟ್ರು ಬರೆದುಕೊಂಡುಬಿಟ್ಟರು. ಬಾಯಿಪಾಠ ಚೆನ್ನಾಗಿದೆ ಎಂಬುದೇ ನಾನು ಮಾಡಿದ ತಪ್ಪು. ಎರಡು ಪುಟವನ್ನು ದನ ಮೇಯಿಸುವಾಗ, ಬಟ್ಟೆ ಒಗೆಯುವಾಗ ಹೇಳಿ ಹೇಳಿ ಅರೆದು ಕುಡಿದಿದ್ದೆ. "ಬಾಯಿದ್ದೋರು ಬರಗಾಲದಲ್ಲೂ ಬದುಕ್ತಾರೆ ಕಣೇ, ಹೆದ್ರಬ್ಯಾಡ" ಎಂದು ಅವ್ವ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಿ ಕಳಿಸಿದಳು. ಮೈದಾನದಲ್ಲಿ ಇಡೀ ಊರು ಕೂತಿತ್ತು. ನನ್ನ ಹೆಸರು ಕರೆದಾಗಲೇ ಎದೆಯಲ್ಲಿ ಅವಲಕ್ಕಿ ಕುಟ್ಟತೊಡಗಿತು. "ವೇದಿಕೆಯ ಮೇಲಿರುವ ಗಣ್ಯರೇ" ಎಂದೆ. ನನ್ನ ಧ್ವನಿ ನನ್ನನ್ನು ಬಿಟ್ಟು ನಾಲ್ಕು ಹಾರ್ನುಗಳಿಂದ ಬಂದು ನನಗೇ ಬಡಿಯಿತು. ಅಷ್ಟೇ. ಎರಡು ಪುಟದಲ್ಲಿ ಒಂದು ಅಕ್ಷರವೂ ಉಳಿಯಲಿಲ್ಲ. ನಾಲಿಗೆ ಅಂಗುಳಕ್ಕೆ ಅಂಟಿತು. ಕಣ್ಣಿಗೆ ಜನ ಕಾಣಲಿಲ್ಲ, ಬರೀ ಹಲ್ಲುಗಳು ಕಂಡವು. ನನ್ನ ಉಸಿರು ಮಾತ್ರ ಹಾರ್ನಿನಲ್ಲಿ ಬುಸ್ ಬುಸ್ ಎಂದು ಇಡೀ ಊರಿಗೆ ಕೇಳುತ್ತಿತ್ತು. ಯಾರೋ ನಕ್ಕರು. ಇನ್ನೊಂದು ಕ್ಷಣ ಹೀಗೇ ನಿಂತರೆ ಇಲ್ಲೇ ಸತ್ತು ಬೀಳುತ್ತೇನೆ ಎಂದು ನಿಜವಾಗಿ ಅನ್ನಿಸಿತು.

ಅಷ್ಟರಲ್ಲಿ ಬುಸ್ ಬುಸ್ ನಿಂತಿತು. "ಕರೆಂಟ್ ಹೋಯ್ತು ಕಣ್ರೀ, ಕರೆಂಟ್ ಹೋಗ್ಬುಡ್ತು!" ಎಂದು ಮೈಕ್ ಮಾವ ಕೂಗುತ್ತಾ ಎದ್ದುಬಂದರು. ಹೆಡ್‌ಮಾಸ್ಟರು ಜನರ ಎದುರಿಗೇ, "ಇಷ್ಟು ದೊಡ್ಡ ಫಂಕ್ಷನ್ನಿಗೆ ಒಂದು ಬ್ಯಾಟರಿ ಇಟ್ಕಳಕ್ಕಾಗಲ್ವೇನ್ರೀ ನಿಮ್ಗೆ?" ಎಂದು ಬೈದರು. ಮಾವ ತಲೆತಗ್ಗಿಸಿ ನಿಂತು ಬೈಸಿಕೊಂಡರು. ಆ ಗಲಾಟೆಯಲ್ಲಿ ನಾನು ವೇದಿಕೆ ಇಳಿದು ಓಡಿದೆ. ಕರೆಂಟು ಬರುವ ಹೊತ್ತಿಗೆ ಡ್ಯಾನ್ಸಿನ ಹುಡುಗಿಯರು ನಿಂತಾಗಿತ್ತು. ಆವತ್ತು ರಾತ್ರಿ ಊರುದೇವರಿಗೆ ಕೈಮುಗಿದೆ. ಸರಿಯಾದ ಹೊತ್ತಿಗೆ ಕರೆಂಟು ತೆಗೆದವನು ಅವನೇ ಎಂದು ನಂಬಿದ್ದೆ.

ಆಮೇಲೆ ಇಪ್ಪತ್ತು ವರ್ಷ ನಾನು ಓಡುತ್ತಲೇ ಇದ್ದೆ. ಕಾಲೇಜಿನಲ್ಲಿ ನಾನು ಮಾತಾಡಬೇಕಾದ ದಿನವೇ ನನಗೆ ಜ್ವರ ಬರುತ್ತಿತ್ತು, ಅದೂ ಸುಳ್ಳು ಜ್ವರವಲ್ಲ, ಮೈ ನಿಜವಾಗಿ ಸುಡುತ್ತಿತ್ತು. ಊರಿನ ಅಂಗನವಾಡಿಗೆ ಟೀಚರಾದೆ. ಮಕ್ಕಳ ಮುಂದೆ ನನ್ನ ಬಾಯಿಗೆ ಬೀಗವಿಲ್ಲ, ಹಾಡುತ್ತೇನೆ, ಕುಣಿಯುತ್ತೇನೆ, ನರಿಯಂತೆ ಊಳಿಡುತ್ತೇನೆ. ಮೂರು ಅಡಿಗಿಂತ ಎತ್ತರದ ನಾಲ್ಕು ಜನ ಒಟ್ಟಿಗೆ ಬಂದರೆ ಮುಗಿಯಿತು. ಟೀಚರುಗಳ ತಿಂಗಳ ಮೀಟಿಂಗಿನಲ್ಲಿ ಹೇಳಬೇಕಾದ್ದನ್ನು ಬರೆದುಕೊಟ್ಟು ಕಂಬದ ಮರೆಯಲ್ಲಿ ಕೂರುತ್ತಿದ್ದೆ. "ಬಾಳ ಸಾಧು ಟೀಚರು" ಎಂದು ಹೆಸರೂ ಬಂತು. ಹೆದರಿಕೆಗೆ ಜನ ಎಂಥ ಒಳ್ಳೆ ಹೆಸರು ಕೊಡುತ್ತಾರೆ ನೋಡಿ.

ಹೀಗೇ ಕಳೆದುಹೋಗುತ್ತಿತ್ತು, ಆನೆ ಬರದಿದ್ದರೆ.

ನಮ್ಮ ಅಂಗನವಾಡಿಯ ಹದಿನಾಲ್ಕು ಮಕ್ಕಳು ಕೆಳಗಿನ ಎಸ್ಟೇಟಿನ ಕೂಲಿಯವರ ಲೈನ್ ಮನೆಗಳಿಂದ ನಡೆದು ಬರುತ್ತವೆ. ದಾರಿಯ ಎರಡೂ ಕಡೆ ಆಳುದ್ದ ಲಂಟಾನದ ಪೊದೆ. ಆನೆಗಳು ಯಾವ ತೋಟದಲ್ಲಿವೆ ಎಂದು ದಿನಾ ಬೆಳಿಗ್ಗೆ ಫೋನಿಗೆ ಮೆಸೇಜು ಬರುತ್ತದೆ. ಆ ದಿನ ಹೊಳೆಯ ಆಚೆ ಎಂದು ಬಂದಿತ್ತು. ಮಂಜು ಇನ್ನೂ ಕರಗಿರಲಿಲ್ಲ. ಕೆಂಪಜ್ಜಿ ಎಂಬ ಲೈನಿನ ಮುದುಕಿ ಮಕ್ಕಳನ್ನು ಕರೆದುಕೊಂಡು ಕೆಳಗಿನಿಂದ ಬರುತ್ತಿದ್ದಳು, ನಾನು ಎದುರುಗೊಳ್ಳಲು ಮೇಲಿನಿಂದ ಇಳಿಯುತ್ತಿದ್ದೆ. ತಿರುವಿನ ಪೊದೆಯೊಳಗೆ ಒಂದು ಬಂಡೆ ಕಂಡಿತು. ದಿನಾ ಓಡಾಡುವ ದಾರಿ, ಅಲ್ಲಿ ಬಂಡೆ ಇಲ್ಲ. ಬಂಡೆಯ ಕಿವಿ ಅಲುಗಿತು.

ಕೆಳಗಿನಿಂದ ಮಕ್ಕಳು ನಾನೇ ಕಲಿಸಿದ ಹಾಡು ಹೇಳುತ್ತಾ ಹತ್ತಿರವಾಗುತ್ತಿದ್ದವು. "ನಿಲ್ಲಿ" ಎಂದು ಒಂದು ಸಲ ಕೂಗಿದ್ದರೆ ಸಾಕಿತ್ತು. ಬಾಯಿ ತೆರೆದೆ. ಧ್ವನಿ ಬರಲಿಲ್ಲ. ಅದೇ ನಾಲಿಗೆ, ಅದೇ ಅಂಗುಳ. ಶಾಲೆಯ ಮೈದಾನದಲ್ಲಿ ನಿಂತ ಹಾಗೆಯೇ ನಿಂತುಬಿಟ್ಟೆ. ಎಷ್ಟು ಹೊತ್ತೋ ತಿಳಿಯದು. ಕೊನೆಗೆ ಆನೆಗೇ ಏನನ್ನಿಸಿತೋ, ಕಾಫಿ ಗಿಡಗಳನ್ನು ಲಟಲಟ ಮುರಿದುಕೊಂಡು ಇನ್ನೊಂದು ಕಡೆಗೆ ಇಳಿದುಹೋಯಿತು. ಮಕ್ಕಳು ಬಂದಾಗ ನಾನು ರಸ್ತೆಯ ಮಧ್ಯೆ ಕೂತಿದ್ದೆ. "ಟೀಚರ್, ಯಾಕೆ ಕೂತಿದೀರಾ?" ಎಂದಿತು ಒಂದು ಮಗು. ಚಪ್ಪಲಿ ಕಿತ್ತುಹೋಯ್ತು ಎಂದೆ. ಎದ್ದು ಒಂದೊಂದೇ ತಲೆಯನ್ನು ಮುಟ್ಟಿ ಎಣಿಸಿದೆ, ಎರಡು ಸಲ ಎಣಿಸಿದೆ. ಆನೆ ಬಂದದ್ದನ್ನು ಊರಿಗೆ ಹೇಳಿದೆ. ಕೂಗಲಾಗದ್ದನ್ನು ಗಂಡನಿಗೂ ಹೇಳಲಿಲ್ಲ.

ಮುಂದಿನ ತಿಂಗಳು ಗ್ರಾಮಸಭೆ ಇತ್ತು, ತಾಲ್ಲೂಕಿನ ಅಧಿಕಾರಿಗಳೂ ಬರುತ್ತಿದ್ದರು. ಪೊದೆ ಕಡಿಸಿ, ಬೆಳಿಗ್ಗೆ ಮಕ್ಕಳಿಗೊಂದು ಜೀಪು ಕೊಡಿ ಎಂದು ಮೂರು ಅರ್ಜಿ ಬರೆದಾಗಿತ್ತು, ಮೂರೂ ಎಲ್ಲೋ ಮಲಗಿದ್ದವು. ಈ ಸಲ ಯಾರಾದರೂ ಎದ್ದುನಿಂತು ಕೇಳಬೇಕು. ಲೈನಿನವರೆಲ್ಲ ನನ್ನ ಮುಖ ನೋಡಿದರು. "ನೀವು ಓದಿದೋರು ಟೀಚರ್, ನೀವೇ ಹೇಳ್ಬುಡಿ" ಎಂದಳು ಕೆಂಪಜ್ಜಿ. ಅದಾದ ಮೂರು ದಿನ ನನಗೆ ಅನ್ನ ಸೇರಲಿಲ್ಲ. ನಾಲ್ಕನೇ ದಿನ ಬಸ್ಸು ಹತ್ತಿ ಮೈಕ್ ಮಾವನ ಅಂಗಡಿಗೆ ಹೋದೆ. ಸಭೆಗೆ ಮೈಕು ಅವರದೇ ಎಂದು ಗೊತ್ತಿತ್ತು.

ಯಾರಿಗೂ ಹೇಳದ್ದನ್ನು ಅವರಿಗೆ ಹೇಳಿದೆ. ಕಿವಿ ಅಲುಗಿದ್ದು, ಬಾಯಿ ತೆರೆದದ್ದು, ಧ್ವನಿ ಬರದಿದ್ದದ್ದು, ಎಲ್ಲ. ಕಣ್ಣೀರು ಬಂತು. ಅವರು ಸ್ಪೀಕರಿನ ವೈರು ಬಿಗಿಯುವುದನ್ನು ನಿಲ್ಲಿಸದೆ ಕೇಳಿಸಿಕೊಂಡರು. ಕೊನೆಗೆ, "ಆವತ್ತು ಶಾಲೇಲಿ ದೇವರು ಕರೆಂಟ್ ತೆಗೆದ ಮಾವ. ಪ್ರತಿ ಸಲ ತೆಗೀತಾನಾ?" ಎಂದೆ.

ಮಾವ ಸ್ಕ್ರೂಡ್ರೈವರ್ ಕೆಳಗಿಟ್ಟರು. "ದೇವ್ರಲ್ಲ ಕಣವ್ವ, ನಾನೇ ಆಫ್ ಮಾಡಿದ್ದು. ಮೈದಾನದಲ್ಲಿ ಫ್ಯಾನಾ ಲೈಟಾ, ಯಾರಿಗ್ ಗೊತ್ತಾಯ್ತದೆ? ನಿನ್ ಉಸ್ರು ಕೇಳಕ್ಕಾಗ್ಲಿಲ್ಲ ನಂಗೆ."

ಇಪ್ಪತ್ತು ವರ್ಷ ನಾನು ದೇವರಿಗೆ ಸಲ್ಲಿಸಿದ ಋಣ ಎದುರಿಗೆ ಸ್ಟೂಲಿನ ಮೇಲೆ ಕೂತಿತ್ತು. ನನಗಾಗಿ ಇಡೀ ಊರಿನ ಮುಂದೆ ಬೈಸಿಕೊಂಡ ಮನುಷ್ಯ. "ಹಂಗಾದ್ರೆ ಗ್ರಾಮಸಭೇಲೂ ನಾನು ನಿಂತೋದ್ರೆ ಆಫ್ ಮಾಡ್ಬುಡಿ ಮಾವ" ಎಂದು ಅಂಗಲಾಚಿದೆ.

"ನೋಡನ" ಎಂದರು. ಆಮೇಲೆ ಎದ್ದು ಮೂಲೆಯಿಂದ ಮೈಕ್ ಸ್ಟ್ಯಾಂಡು ತಂದು ನನ್ನ ಮುಂದೆ ನಿಲ್ಲಿಸಿದರು. ಎದೆಮಟ್ಟದಲ್ಲಿ ಗೇಣುದ್ದ ಬಣ್ಣ ಪೂರ್ತಿ ಹೋಗಿ ಬಿಳೀ ಕಬ್ಬಿಣ ಕಾಣುತ್ತಿತ್ತು.

"ಇದ್ಯಾಕೆ ಹಿಂಗಾಗೈತೆ ಹೇಳು. ಬೆವ್ರು. ಎಲ್ರದೂ ಬೆವ್ರು. ಮುಂದ್ ಕೂತೋರಿಗೆ ಮಾತಾಡೋರ ಮುಖ ಕಾಣ್ತೈತೆ. ನಾನು ಹಿಂದೆ ಕೆಳಗೆ ಕೂತಿರ್ತೀನಿ, ನಂಗೆ ಕಾಲು ಕಾಣ್ತವೆ. ಮೇಜು ಗುದ್ದಿ ಗುದ್ದಿ ಮಾತಾಡ್ತಾರಲ್ಲ ದೊಡ್ ದೊಡ್ಡೋರು, ಅವ್ರ ಪಂಚೆ ಒಳಗೆ ಮಂಡಿ ಹೆಂಗ್ ನಡುಗ್ತವೆ ಗೊತ್ತಾ? ಒಬ್ರು ಚಪ್ಲಿ ಬಿಟ್ಟು ಒಂದ್ ಕಾಲ್ ಮೇಲ್ ಇನ್ನೊಂದ್ ಕಾಲು ಉಜ್ತಾ ಇರ್ತಾರೆ. ಹೆದ್ರದೆ ಇರೋನ ಕಾಲು ನಾನಂತೂ ನೋಡಿಲ್ಲ."

"ಮತ್ತೆ ಅವರು ಮಾತಾಡ್ತಾರಲ್ಲ ಮಾವ?"

"ಕಾಲು ನಡುಗ್ತಾ ಇರ್ತವೆ, ಬಾಯಿ ಮಾತಾಡ್ತಾ ಇರ್ತದೆ. ಎರಡೂ ಬ್ಯಾರೆ ಬ್ಯಾರೆ ಅಲ್ವಾ?"

ನನ್ನ ಹೆದರಿಕೆ ನನ್ನೊಬ್ಬಳಿಗೇ ಹುಟ್ಟಿನಿಂದ ಬಂದ ರೋಗ ಎಂದುಕೊಂಡಿದ್ದೆ. ಆ ಬಣ್ಣ ಹೋದ ಕಬ್ಬಿಣವನ್ನು ಮುಟ್ಟಿದಾಗ ಸ್ವಲ್ಪ ಅವಮಾನ ಇಳಿಯಿತು. ಹೆದರಿಕೆ ಇಳಿಯಲಿಲ್ಲ.

ಅಲ್ಲಿಂದ ಮಾವ ನನ್ನನ್ನು ಕೆಲಸಕ್ಕೆ ಇಟ್ಟುಕೊಂಡರು ಅನ್ನಬೇಕು. ನಮ್ಮ ಕಡೆ ಯಾವ ಕಾರ್ಯಕ್ರಮವಿದ್ದರೂ ಫೋನು ಬರುತ್ತಿತ್ತು: "ಬಾ, ಮೈಕ್ ಟೆಸ್ಟ್ ಮಾಡ್ಬೇಕು." ಜನ ಸೇರುವ ಮೊದಲೇ ನಾನು ಖಾಲಿ ಕುರ್ಚಿಗಳ ಮುಂದೆ ನಿಲ್ಲಬೇಕು, ಅವರು ಹೋಗಿ ಕೊನೇ ಸಾಲಿನಲ್ಲಿ ಕೂರುತ್ತಿದ್ದರು. ಏನು ಹೇಳಲಿ ಎಂದರೆ, "ಭಾಷ್ಣ ಬ್ಯಾಡ. ದಿನಾ ನಿನ್ ಬಾಯಲ್ಲಿ ಬರಾದೇನು?" ಎಂದರು. ಮಕ್ಕಳ ಹಾಜರಿ ಎಂದೆ. "ಅದ್ನೇ ಹೇಳು." ಒಂದು ನಾಮಕರಣದ ಚಪ್ಪರದಲ್ಲಿ ಮೊದಲ ಸಲ ಖಾಲಿ ಕುರ್ಚಿಗಳಿಗೆ ಹದಿನಾಲ್ಕು ಮಕ್ಕಳ ಹಾಜರಿ ಕೂಗಿದೆ. ಕುರ್ಚಿಗಳಿಗೂ ಹೆದರಬಹುದು ಎಂದು ಆವತ್ತು ಗೊತ್ತಾಯಿತು. ಎಷ್ಟು ಹೆಸರಿಗೆ ಮಾವನ ಕೈ ಮೇಲೆದ್ದಿತೋ ಅಷ್ಟು ಪಾಸು, ಉಳಿದದ್ದು ಮತ್ತೆ ಹೇಳಬೇಕು. ಮುಂದಿನ ಸಲ ಅಡುಗೆಯವರು ಸೌಟು ಹಿಡಿದು ಇಣುಕಿದರು. ಅದರ ಮುಂದಿನ ಸಲ ಬೇಗ ಬಂದ ಹತ್ತು ಹನ್ನೆರಡು ನೆಂಟರು ಕೂತಿದ್ದರು, ನಾನು ಆರನೇ ಹೆಸರಿಗೆ ಮೈಕು ಬಿಟ್ಟು ಹಿತ್ತಲಿಗೆ ಓಡಿ ವಾಂತಿ ಮಾಡಿಕೊಂಡೆ. ಮಾವ ಚೊಂಬಿನಲ್ಲಿ ನೀರು ಕೊಟ್ಟು, "ಬಾಯಿ ಮುಕ್ಕಳಿಸ್ಕೊ. ಇನ್ನೂ ಎಂಟು ಹೆಸ್ರು ಐತೆ" ಎಂದರು. ನನಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಎಂಟೂ ಹೇಳಿ ಮುಗಿಸಿದೆ.

ಭಯ ಕಮ್ಮಿಯಾಯಿತು ಎಂದರೆ ಸುಳ್ಳಾಗುತ್ತದೆ. ಅದು ಬರುವ ದಾರಿ ಮಾತ್ರ ಪರಿಚಯವಾಯಿತು. ಮೊದಲು ಅಂಗೈ, ಆಮೇಲೆ ಹೊಟ್ಟೆ, ಕಡೆಗೆ ಗಂಟಲು. ಮಾವನಿಗೆ ಹೇಳಿದಾಗ, "ದಾರಿ ಗೊತ್ತಾದ್ರೆ ಅರ್ಧ ಗೆದ್ದಂಗೆ ಬುಡು. ಆನೇದೂ ಅಂಗೇ ಅಲ್ವಾ?" ಎಂದರು.

ಗ್ರಾಮಸಭೆಯ ದಿನ ಶಾಲೆಯ ಅದೇ ಮೈದಾನದಲ್ಲಿ ಶಾಮಿಯಾನ ಹಾಕಿದ್ದರು. ಅಧಿಕಾರಿಗಳು ಸಾಲಾಗಿ ಕೂತಿದ್ದರು, ಎಸ್ಟೇಟಿನ ಮಾಲೀಕರೂ ಬಂದಿದ್ದರು. ಹೊರಡುವ ಮೊದಲೇ ಮನೆಯಲ್ಲಿ ಎರಡು ಸಲ ವಾಂತಿಯಾಗಿತ್ತು. ನನ್ನನ್ನು ಕರೆದರು. ಹೋಗಿ ಸ್ಟ್ಯಾಂಡಿನ ಬಣ್ಣ ಹೋದ ಜಾಗ ಹಿಡಿದುಕೊಂಡೆ. "ಎಲ್ರಿಗೂ ನಮಸ್ಕಾರ" ಎಂದೆ. ಅಂಗೈ, ಹೊಟ್ಟೆ, ಗಂಟಲು. ದಾರಿ ಗೊತ್ತಿದ್ದರೂ ಅದು ಬಂದೇ ಬಂತು. ಮುಂದಿನ ಮಾತು ಹೋಯಿತು.

ಹಾರ್ನಿನಲ್ಲಿ ನನ್ನ ಉಸಿರು ಶುರುವಾಯಿತು. ಬುಸ್. ಬುಸ್. ಅದು ಎದುರಿನ ಗುಡ್ಡಕ್ಕೆ ಹೋಗಿ ಮುಟ್ಟುತ್ತಿದೆ, ತೋಟದೊಳಗಿನ ಆನೆಗಳಿಗೂ ಕೇಳುತ್ತಿದೆ ಅನ್ನಿಸಿತು. ಅಧಿಕಾರಿಯೊಬ್ಬರು ಗಡಿಯಾರ ನೋಡಿದರು. ನಾನು ಮಾವನ ಕಡೆ ತಿರುಗಿದೆ. ಅವರ ಬೆರಳು ಸ್ವಿಚ್ಚಿನ ಮೇಲೇ ಇತ್ತು. ಆಫ್ ಮಾಡಿ ಮಾವ, ದಮ್ಮಯ್ಯ, ಎಂದು ಕಣ್ಣಲ್ಲೇ ಬೇಡಿಕೊಂಡೆ.

ಮಾವ ನನ್ನನ್ನು ನೋಡಿದರು. ಸ್ವಿಚ್ಚಿನಿಂದ ಕೈ ತೆಗೆದರು. ಆಮೇಲೆ, ಮಾಡಲು ಬೇರೆ ಕೆಲಸವೇ ಇಲ್ಲದವರ ಹಾಗೆ, ಎಡಗೈ ಬೆರಳಿನ ಟೇಪಿನ ತುದಿ ಹುಡುಕಿ ನಿಧಾನಕ್ಕೆ ಬಿಚ್ಚತೊಡಗಿದರು.

ಆ ಕ್ಷಣ ಅವರ ಮೇಲೆ ಬಂದಷ್ಟು ಕೋಪ ನನಗೆ ಯಾರ ಮೇಲೂ ಬಂದಿಲ್ಲ. ಕರೆಂಟು ಹೋಗುವುದಿಲ್ಲ ಎಂಬುದು ಖಾತ್ರಿಯಾಯಿತು. ಓಡಲು ನನ್ನ ಕಾಲುಗಳು ನನ್ನ ಮಾತು ಕೇಳುತ್ತಿರಲಿಲ್ಲ. ಕಣ್ಣೆತ್ತಿ ಕೊನೇ ಸಾಲು ನೋಡಿದೆ. ಲೈನಿನ ತಾಯಂದಿರು ನಿಂತಿದ್ದರು, ಅವರ ನಡುವೆ ಕೆಂಪಜ್ಜಿ. ಬಾಯಿಗೆ ಬಂದದ್ದು ಒಂದೇ.

"ದೀಕ್ಷಾ" ಎಂದೆ.

ಜನ ಮುಖಮುಖ ನೋಡಿಕೊಂಡರು. "ಚಿನ್ಮಯ್" ಎಂದೆ. "ತನ್ವಿ" ಎಂದೆ. ಹಿಂದಿನಿಂದ ಕೆಂಪಜ್ಜಿ ದಿನದ ಅಭ್ಯಾಸಬಲದಿಂದ ಗಟ್ಟಿಯಾಗಿ, "ಬಂದವ್ಳೆ ಟೀಚರ್!" ಎಂದು ಕೂಗಿಬಿಟ್ಟಳು. ಇಡೀ ಶಾಮಿಯಾನ ನಕ್ಕಿತು. ನನಗೂ ನಗು ಬಂತು, ನಗುವಿನ ಜೊತೆ ಗಂಟಲು ಬಿಟ್ಟಿತು. ಹದಿನಾಲ್ಕು ಹೆಸರೂ ಕೂಗಿದೆ. ಇವಿಷ್ಟೂ ಮಕ್ಕಳು ಆ ದಾರಿಯಲ್ಲಿ ನಡೆದು ಬರುತ್ತವೆ ಎಂದೆ. ಮಂಜು, ತಿರುವು, ಅಲುಗಿದ ಕಿವಿ ಎಲ್ಲ ಹೇಳಿದೆ. ಹೇಳಬಾರದು ಎಂದುಕೊಂಡಿದ್ದನ್ನೂ ಹೇಳಿದೆ: "ಆವತ್ತು ನಂಗೆ ಕೂಗಕ್ಕಾಗ್ಲಿಲ್ಲ. ಮಕ್ಳು ಬದುಕಿದ್ದು ಆನೆ ದಯೆಯಿಂದ, ನನ್ನಿಂದಲ್ಲ. ಅದ್ಕೇ ಇವತ್ತು ಬಂದಿದೀನಿ." ನಗು ಯಾವಾಗಲೋ ನಿಂತಿತ್ತು. ಮೊದಲಿಂದ ಕೊನೆಯವರೆಗೆ ನನ್ನ ಮಂಡಿ ನಡುಗುತ್ತಲೇ ಇತ್ತು. ಅದು ಒಬ್ಬರಿಗೆ ಮಾತ್ರ ಕಾಣುತ್ತಿತ್ತು.

ಆ ತಿಂಗಳೊಳಗೆ ಪೊದೆ ಕಡಿಸಿದರು. ಬೆಳಿಗ್ಗೆ ಎಸ್ಟೇಟಿನ ಜೀಪು ಮಕ್ಕಳನ್ನು ತಂದುಬಿಡುತ್ತದೆ. ಆನೆಗಳು ಈಗಲೂ ಬರುತ್ತವೆ, ನನಗೆ ಈಗಲೂ ಹೆದರಿಕೆಯೇ.

ಸಭೆ ಮುಗಿದ ಮೇಲೆ ಮಾವನ ಹತ್ತಿರ ಜಗಳಕ್ಕೇ ಹೋಗಿದ್ದೆ. ಅವರು ಮೊಣಕೈಗೆ ವೈರು ಸುತ್ತುತ್ತಿದ್ದರು.

"ಯಾಕ್ ಮಾವ ಆಫ್ ಮಾಡ್ಲಿಲ್ಲ?"

"ಆವತ್ತು ಆಫ್ ಮಾಡಿದ್ದೇ ತಪ್ಪಾಯ್ತು ಕಣವ್ವ. ಪಾಪ ಮಗ ಅಂತ ಮಾಡ್ದೆ. ಇನ್ನೊಂದ್ ಚೂರು ನಿಂತಿದ್ರೆ ನೀನು ಏನಾದ್ರೂ ಹೇಳ್ತಿದ್ದೆ. ತಪ್ಪೋ ಒಪ್ಪೋ, ಒಟ್ನಲ್ಲಿ ಹೇಳ್ತಿದ್ದೆ. ಓಡಿದ್ರೆ ಉಳೀತೀನಿ ಅಂತ ನಿಂಗೆ ಕಲ್ಸಿದ್ದು ನಾನು. ಮೊನ್ನೆ ಅಂಗಡೀಲಿ ಆನೆ ಕತೆ ಹೇಳಿದ್ಯಲ್ಲ, ಆವತ್ತಿಂದ ನಂಗೆ ನಿದ್ದೆ ಇಲ್ಲ. ಆ ಮಕ್ಳಿಗೆ ಏನಾದ್ರೂ ಆಗಿದ್ರೆ ಅದ್ರಲ್ಲಿ ನನ್ ಕೈಯೂ ಇರ್ತಿತ್ತು." ಅವರ ಕಣ್ಣು ತುಂಬಿತ್ತು. ಜಗಳಕ್ಕೆ ಹೋದವಳು ಅವರ ಕೈಯಿಂದ ವೈರಿನ ಇನ್ನೊಂದು ತುದಿ ತೆಗೆದುಕೊಂಡು ಸುತ್ತತೊಡಗಿದೆ. ಅವರು ಮಾಡಿದ್ದು ತಪ್ಪೆಂದು ನನಗೆ ಇವತ್ತಿಗೂ ಅನ್ನಿಸುವುದಿಲ್ಲ. ಕೇಳಲಾಗದ ಕಡೆ ಆಫ್ ಮಾಡಿದರು, ಕೇಳಲೇಬೇಕಾದ ಕಡೆ ಕೈ ತೆಗೆದರು. ಎರಡೂ ಅವರಿಗೆ ಸುಲಭವಾಗಿರಲಿಲ್ಲ.

ಕಳೆದ ಮಾಗಿಯಲ್ಲಿ ಒಂದು ಬೆಳಿಗ್ಗೆ, ಬೆರಳಿಗೆ ಟೇಪು ಸುತ್ತಿಕೊಂಡು ಕಾಫಿ ಲೋಟ ಕೈಗೆ ತೆಗೆದುಕೊಂಡವರು ಹಾಗೇ ಗೋಡೆಗೆ ಒರಗಿದರಂತೆ, ಮತ್ತೆ ಏಳಲಿಲ್ಲ. ಟೇಪು ಒಂದು ತುಂಡೂ ಹರಿಯದೆ ಪೂರ್ತಿ ಇತ್ತು ಎಂದು ಅವರ ಹೆಂಡತಿ, ನಾನು ಅತ್ತೆ ಎಂದು ಕರೆಯುವವರು, ನನ್ನ ಕೈ ಹಿಡಿದು ಹೇಳಿ ಅತ್ತರು.

ಶಿವಗಣಾರಾಧನೆಯ ದಿನ ಸಮುದಾಯ ಭವನದಲ್ಲಿ ನುಡಿನಮನ ಇಟ್ಟಿದ್ದರು. ಮೈಕು ಭವನದವರದು. ಊರೂರಿನವರು ಬಂದಿದ್ದರು. ಅವರ ಹಾರ್ನಿನಲ್ಲಿ ಗುಡುಗಿದ ದೊಡ್ಡವರೆಲ್ಲ ಎರಡೆರಡು ಮಾತಾಡಿದರು. ನಾನು ಮಾತು ಕೇಳುತ್ತಿರಲಿಲ್ಲ, ಅವರ ಕಾಲು ನೋಡುತ್ತಿದ್ದೆ. ನನ್ನ ಹೆಸರು ಕರೆದರು. ಅಂಗೈ, ಹೊಟ್ಟೆ, ಗಂಟಲು. ಎದ್ದುಹೋಗಿ ನಿಂತೆ. "ನಮ್ಮ ಮೈಕ್ ಮಾವ" ಎನ್ನುವಷ್ಟರಲ್ಲಿ ಮೈಕು ಸತ್ತಿತು. ಮೇಲೆ ಫ್ಯಾನೂ ನಿಧಾನವಾಯಿತು. ಈ ಸಲ ನಿಜವಾಗಿ ಕರೆಂಟು ಹೋಗಿತ್ತು.

ಅಭ್ಯಾಸದಿಂದ ಆಂಪ್ಲಿಫೈಯರಿನ ಕಡೆ ತಿರುಗಿದೆ. ಪಕ್ಕದ ಸ್ಟೂಲು ಖಾಲಿ ಇತ್ತು. "ಬ್ಯಾಟರಿ ಇಲ್ವಂತೆ, ಕೂತ್ಕಳಿ ಟೀಚರ್, ಕರೆಂಟ್ ಬಂದ್ಮೇಲೆ ಮಾತಾಡುವ್ರಂತೆ" ಎಂದರು ಯಾರೋ, ಕನಿಕರದಿಂದ. ಇಳಿಯಲು ಮೆಟ್ಟಿಲು ಎರಡೇ ಹೆಜ್ಜೆ ದೂರದಲ್ಲಿತ್ತು.

ಮೈಕನ್ನು ಮೇಜಿನ ಮೇಲೆ ಮಲಗಿಸಿದೆ. ಉಸಿರು ಎಳೆದುಕೊಂಡು, ಇದ್ದಷ್ಟು ಧ್ವನಿಯಲ್ಲಿ ಕೇಳಿದೆ:

"ಕೊನೇ ಸಾಲಿಗೆ ಕೇಳ್ತೈತಾ?"

ಹಿಂದೆ, ಗೋಡೆಯ ಪಕ್ಕ, ಹೆಂಗಸರ ನಡುವಿನಿಂದ ಅತ್ತೆಯ ಕೈ ಮೇಲೆದ್ದಿತು.

"ಕೇಳ್ತೈತೆ. ಹೇಳವ್ವ."

ಹೇಳಿದೆ.